ಈಜಿಪ್ಟಿನ ಅಳಿಯ

ಭಾಲ್ಕಿಯ ಹೈಸ್ಕೂಲಿನಲ್ಲಿ ಇತಿಹಾಸ ಹೇಳುವ ವೈಜಿನಾಥ ಮಾಸ್ತರರಿಗೆ ಹೋದ ವರ್ಷ ಕಾಮಾಲೆಯಾಯಿತು. ಬೇರೆ ತಿಂಗಳಲ್ಲಿ ಆಗಬಾರದಿತ್ತೇ? ಸರಿಯಾಗಿ ಅಧಿಕ ಮಾಸದಲ್ಲೇ ಆಯಿತು. ಮೂರು ವರ್ಷಕ್ಕೊಮ್ಮೆ ಬರುವ ಆ ಹೆಚ್ಚಿನ ತಿಂಗಳಲ್ಲಿ ಮಗಳನ್ನೂ ಅಳಿಯನನ್ನೂ ಕರೆದು, ಹೋಳಿಗೆ ಉಣ್ಣಿಸಿ, ಹೊಸ ಬಟ್ಟೆ ಕೊಟ್ಟು, ಡಬ್ಬಿ ತುಂಬ ಅನಾರಸ ಕಟ್ಟಿಕೊಡುವುದು ಆ ಕಡೆಯ ಪದ್ಧತಿ. ಗಸಗಸೆ ಮೆತ್ತಿ ಕರಿದ ಆ ಬೆಲ್ಲದ ತಿಂಡಿಗಾಗಿ ಮಾಸ್ತರರು ಮೂರು ವರ್ಷ ಕಾದಿದ್ದರು. ಕೊನೆಗೆ ಮಜ್ಜಿಗೆ ಅನ್ನ ಉಂಡು, ಗೋಡೆಯ ಕಡೆ ಮುಖ ಮಾಡಿ ಮಲಗಬೇಕಾಯಿತು.

ಈ ಜುಲೈಯಲ್ಲಿ ಮಕ್ಕಳಿಗೆ ಈಜಿಪ್ಟಿನ ಪಾಠ ಮಾಡುವಾಗ ಅವರಿಗೆ ಹೊಸ ದಾರಿ ಕಂಡಿತು. ಭಾನುವಾರ ಬೆಳಿಗ್ಗೆಯೇ ಪಕ್ಕದ ಮನೆಯ ಟೇಲರ್ ಖಾಜಾ ಮಿಯಾನನ್ನು ಹಿಡಿದು ನಿಲ್ಲಿಸಿದರು.

"ಖಾಜಾ ಭಾಯಿ, ಹಳೇ ಈಜಿಪ್ಟದಾಗ ವರ್ಷಕ್ಕ ಮೂರೇ ಕಾಲ. ನದಿ ಉಕ್ಕೋ ನೆರಿಕಾಲ, ಬೆಳಿಕಾಲ, ಸುಗ್ಗಿಕಾಲ. ಒಂದೊಂದಕ್ಕ ನಾಕು ತಿಂಗಳ, ತಿಂಗಳಿಗಿ ಮೂವತ್ತೇ ದಿನ. ಐದು ದಿನ ಉಳೀತಾವಲ್ಲ, ಅವು ಯಾವ ತಿಂಗಳದ್ದೂ ಅಲ್ಲ. ನೆರಿಕಾಲಕ್ಕಿಂತ ಮೊದಲ ಪ್ರತಿ ವರ್ಷ ಬರ್ತಾವ. ಅಂದ್ರ ಈಗ!"

"ಬಂದ್ರ ಏನಾತರಿ, ಮಾಸ್ತರ್ ಸಾಬ್?"

"ಹೆಚ್ಚಿನ ದಿನ ಅಂದ್ರ ಅಧಿಕ. ಅಧಿಕ ಅಂದ ಮ್ಯಾಲ ಅಳಿಯನ ಹಕ್ಕು!"

ಖಾಜಾ ಮಿಯಾ ಕೊರಳಲ್ಲಿದ್ದ ಅಳತೆಯ ಟೇಪನ್ನು ಗಟ್ಟಿಯಾಗಿ ಹಿಡಿದುಕೊಂಡ. "ನಮ್ಮ ಕ್ಯಾಲೆಂಡರಿನಾಗ ಹೆಚ್ಚಿನ ದಿನ ಸೇರಸೋದೇ ಇಲ್ಲರಿ. ಅಲ್ಲಾಹ್ ಕಾ ಶುಕ್ರ್ ಹೈ, ನನಗ ಮೂರು ಮಂದಿ ಅಳಿಯಂದಿರು ಅದಾರ."

ಹೆಂಡತಿ ಮಹಾನಂದಾ, "ನನಗ ನಾಚಿಕಿ ಬರ್ತದರಿ, ನೀವೇ ಹೋಗ್ರಿ" ಎಂದು ಒಳಗೆ ಹೋದಳು. ಮಾಸ್ತರರು ಮಾವನಿಗೆ ಫೋನಿನಲ್ಲಿ ಈಜಿಪ್ಟಿನ ಲೆಕ್ಕ ಒಪ್ಪಿಸಿ, ಔರಾದಿನ ಬಸ್ಸು ಹತ್ತಿದರು.

ಆ ಕಡೆಯ ಡಾಬಕಾ ಊರಿನ ಮಾವ ಶಿವರಾಜಪ್ಪ ಬಹಳ ಸಾಧು ಮನುಷ್ಯ. ಅಳಿಯ ಇಷ್ಟು ದೂರದ ದೇಶದ ವಿದ್ಯೆ ತಿಳಿದವನೆಂಬ ಹೆಮ್ಮೆಗೆ ಓಣಿಯವರನ್ನೆಲ್ಲ ಕರೆದು ಕೂರಿಸಿದ್ದರು. ನೆರೆಮನೆಯ ಮುದುಕ ಶರಫೋದ್ದೀನ ಎಲ್ಲರಿಗಿಂತ ಮುಂದೆ ಕುಳಿತಿದ್ದ.

"ಅವರ ತಿಂಗಳ ಹೆಸರು ಹೇಳ್ರಿ ಮಾಸ್ತರ್."

"ಥೋತ್, ಪಾವೋಫಿ, ಹಾಥೋರ್, ಖೋಯಾಕ್, ಟೈಬಿ, ಮೆಖಿರ್..."

"ಇವು ತಿಂಗಳೇನರಿ, ಗುಳಿಗಿ ಏನರಿ? ಊಟಕ್ಕಿಂತ ಮೊದಲ ತಗೋಬೇಕೋ, ಆಮ್ಯಾಲೋ?"

ಎಲ್ಲರೂ ನಕ್ಕರು. ಮಾವನಿಗೆ ಮಾತ್ರ ನಗು ಬರಲಿಲ್ಲ. "ನೆರಿ ಬಂದು ಹೊಲ ಎಲ್ಲಾ ಮುಳುಗಿದ್ರ, ಪಾಪ, ಆ ರೈತರು ಏನ್ ಮಾಡ್ತಿದ್ರರಿ?"

"ರಾಜ ಕರೀತಿದ್ದ ಮಾವಾ, ಪಿರಮಿಡ್ಡಿಗಿ ಕಲ್ಲು ಎಳೀಲಿಕ್ಕ" ಎಂದರು ಮಾಸ್ತರರು, ಮೀಸೆ ತಿರುವುತ್ತ.

"ಛಲೋ ನೆನಪು ಮಾಡಿದ್ರಿ. ನಿನ್ನಿ ಮಳಿಗಿ ನಮ್ಮ ಹೊಲದ ಒಡ್ಡು ಒಡದದ. ನೀವು ಕೂಡ್ರಿ. ಅಡಗಿ ಆಗೋದ್ರಾಗ ನಾಕು ಕಲ್ಲು ಇಟ್ಟು ಬರ್ತೇನಿ." ಎಪ್ಪತ್ತು ದಾಟಿದ ಶಿವರಾಜಪ್ಪ ಹಾರೆ ಹೆಗಲಿಗೇರಿಸಿದರು.

ಓಣಿಯ ಕಣ್ಣುಗಳೆಲ್ಲ ಅಳಿಯನ ಕಡೆ ತಿರುಗಿದವು. "ನಾನೇ ಇಡ್ತೇನಿ ಮಾವಾ" ಎಂಬ ಮಾತು ಮಾಸ್ತರರನ್ನು ಕೇಳದೆಯೇ ಅವರ ಬಾಯಿಂದ ಹೊರಬಿತ್ತು.

ನಾಕು ಕಲ್ಲು ಅನ್ನುವುದು ಮಾತಿಗೆ. ಶರಫೋದ್ದೀನ ಒಡ್ಡಿನ ಮೇಲೆ ನಿಂತು, "ಬಲಕ್ಕ ಸರಸ್ರಿ, ಪಿರಮಿಡ್ಡು ಸೊಟ್ಟ ಆಗ್ತದ!" ಎಂದು ಕೂಗುತ್ತಿದ್ದ. ಜಿಟಿಜಿಟಿ ಮಳೆ ಹತ್ತಿದಾಗ ತಾನು ನೆನೆಯುತ್ತಲೇ ಕೊಡೆಯನ್ನು ಮಾಸ್ತರರ ತಲೆಗೆ ಹಿಡಿದ. ಆದರೂ ಅವರು ಎರೆಮಣ್ಣಿನಲ್ಲಿ ಜಾರಿ ಬಿದ್ದು, ಕೆರೆಯಿಂದ ಎದ್ದ ಎಮ್ಮೆಯ ಹಾಗೆ ಮನೆಗೆ ಬಂದರು.

ಅತ್ತೆ ವಿಮಲಾಬಾಯಿ ನೀರು ಕಾಯಿಸಿಕೊಟ್ಟು, ಅಂಗೈಯ ಬೊಬ್ಬೆಗೆ ಅರಿಶಿನ ಹಚ್ಚಿ, ಉಡುಗೊರೆಯ ಹೊಸ ಅಂಗಿ, ಧೋತರ ತೊಡಿಸಿದರು. ಹೋಳಿಗೆಯ ಮೇಲೆ ತುಪ್ಪ ಸುರಿದರು. ಮಾಸ್ತರರ ಕಣ್ಣು ಮಾತ್ರ ಡಬ್ಬಿಯ ಮೇಲಿತ್ತು.

"ಅನಾರಸ ಒಬ್ರೇ ತಿನ್ನೋದಲ್ಲರಿ. ಮನಿಗಿ ಹೋಗಿ ನಮ್ಮ ಮಗಳ ಜೋಡಿ ಕುಂತು ತಿನ್ರಿ" ಎಂದರು ಅತ್ತೆ.

ಬಸ್ಸಿನಲ್ಲಿ ಮಾಸ್ತರರು ಡಬ್ಬಿಯನ್ನು ಎಳೆಗೂಸಿನಂತೆ ತೊಡೆಯ ಮೇಲಿಟ್ಟುಕೊಂಡರು. ಬಸ್ಸು ಕುಲುಕಿದಾಗಲೆಲ್ಲ ಒಳಗಿನಿಂದ ಬೆಲ್ಲದ ವಾಸನೆ ಅವರನ್ನು ಕರೆಯುತ್ತಿತ್ತು. ಹೆಂಡತಿಗೆ ಕೊಟ್ಟ ಮೇಲೆ ತಮಗೆಷ್ಟು ಉಳಿಯುತ್ತದೆಂದು ಎಣಿಸುತ್ತಲೇ ಭಾಲ್ಕಿ ಬಂತು.

ಮನೆಯ ಮುಂದೆ ಒಂದು ಮೋಟರ್ ಸೈಕಲ್ ನಿಂತಿತ್ತು. ಒಳಗೆ ಬೀದರಿನಿಂದ ಬಂದ ಮಗಳು ಶಿವಾನಿ, ಪಕ್ಕದಲ್ಲಿ ಅಳಿಯ ನಂದಕುಮಾರ.

"ಅಜ್ಜ ಫೋನ್ ಮಾಡಿದ್ರು ಪಪ್ಪಾ," ಎಂದಳು ಶಿವಾನಿ. "'ಹಕ್ಕು ಅಂದ್ರ ಎಲ್ಲಾ ಅಳಿಯಂದಿರಿಗೂ ಹಕ್ಕು. ನಿಮ್ಮಪ್ಪ ಗಡಿಬಿಡಿಯಾಗ ನಿಮಗ ಹೇಳೋದು ಮರತಿರ್ತಾರ' ಅಂದ್ರು."

ನಂದಕುಮಾರ ಎದ್ದು ಮಾವನ ಕಾಲಿಗೆ ನಮಸ್ಕಾರ ಮಾಡಿದ. "ಪ್ರತಿ ವರ್ಷ ಬರ್ತದಂತಲ್ರಿ ಮಾವಾ? ಇಂಥಾ ಪದ್ಧತಿ ಹುಡುಕಿದ್ರಲ್ಲ, ನೀವು ದೊಡ್ಡವರರಿ!"

ಮಹಾನಂದಾ ಗಂಡನನ್ನು ಅಡುಗೆಮನೆಗೆ ಎಳೆದಳು. ಅವರ ಕೈಯ ಡಬ್ಬಿ ಮೊದಲು ಅಳಿಯನ ಮುಂದೆ ಹೋಯಿತು. "ಅಳಿಯಗ ಕೊಡ್ಲಿಕ್ಕ ಹೊಸಾ ಅರಿವಿ ಎಲ್ಲಿಂದ ತರ್ಲಿ ಈಗ? ನಿಮ್ಮ ಮೈಮ್ಯಾಲಿಂದು ಹೊಸದೇ ಅದಲ್ಲ, ತೆಗೀರಿ."

"ನಾ ಹಾಕ್ಕೊಂಡೇನಲ್ಲೇ!"

"ಬಸ್ಸಿನಾಗ ಕುಂತದ ಅಷ್ಟೇ. ಖಾಜಾ ಭಾಯಿ, ಒಂದೀಟು ಇಸ್ತ್ರಿ ಹೊಡದು ಕೊಡ್ರಿ!"

ಖಾಜಾ ಮಿಯಾ ಗೋಡೆಯಾಚೆಯಿಂದಲೇ ಅಂಗಿ ಧೋತರ ಇಸಿದುಕೊಂಡು, ಹೊಸದಕ್ಕಿಂತ ಹೊಸದು ಮಾಡಿ ಮರಳಿಸಿದ.

ಸಂಜೆ ಮಾಸ್ತರರು ಬನಿಯನ್ನಿನಲ್ಲಿ ಕಟ್ಟೆಯ ಮೇಲೆ ಕುಳಿತಿದ್ದರು. ಒಳಗೆ ಅನಾರಸ ಮುರಿಯುವ ಸದ್ದು. ಖಾಜಾ ಮಿಯಾ ತನ್ನದೊಂದು ಅಂಗಿ ತಂದು ಅವರ ಹೆಗಲಿಗೆ ಹೊದಿಸಿದ.

"ಹೋಗ್ಲಿ ಬಿಡ್ರಿ ಸಾಬ್. ಇವತ್ತಿಗಿ ಮುಗೀತಲ್ಲ."

ಒಳಗಿನಿಂದ, ಬಾಯಿ ತುಂಬಿದ್ದ ನಂದಕುಮಾರನ ದನಿ ಬಂತು. "ಮಾವಾ, ಇನ್ನ ನಾಕು ದಿನಕ್ಕ ರಜಾ ಹಾಕಿ ಬಂದೇನ್ರಿ!"

ಮಾಸ್ತರರು ಗೋಡೆಯಾಚೆ ಖಾಜಾ ಮಿಯಾನ ಮನೆಯ ಕಡೆ ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು.

"ಖಾಜಾ ಭಾಯಿ, ನಿಮ್ಮ ಮನ್ಯಾಗ ಆ ಹೆಚ್ಚಿನ ದಿನ ಇಲ್ಲದ ಕ್ಯಾಲೆಂಡರ್ ಇನ್ನೊಂದು ಅದ ಏನ್ರಿ? ನಮ್ಮ ಗ್ವಾಡಿಗಿ ಹಾಕ್ತೇನಿ."