ಇಳಿಜಾರಿನ ಕಸ

ಮಳೆಗಾಲದ ಮೊದಲ ವಾರವೇ ಪಾಲಮ್ಮ ತುಂಬಿದ ಕೊಡದ ಸಮೇತ ಅಂಗಳದ ಇಳಿಜಾರಿನಲ್ಲಿ ಜಾರಿದಳು. ಕೊಡ ಬೀದಿಯವರೆಗೆ ಉರುಳಿತು, ಅದರ ಹಿಂದೆ ಅವಳು. ಮಣ್ಣು ಹಿಡಿದು ನಿಲ್ಲಿಸುವಂಥ ಗಿಡ ಬೆಳೆಸುವ ತನಕ ಈ ಮನೆಗೆ ಕಾಲಿಡುವುದಿಲ್ಲ ಎಂದು ಗಂಡನಿಗೆ ಹೇಳಿ ತವರೂರು ಮಾಗಳದ ಬಸ್ಸು ಹತ್ತಿದಳು.

ಗಂಡ ಉಚ್ಚಂಗೆಪ್ಪ ಹಗರಿಬೊಮ್ಮನಹಳ್ಳಿಯ ಕಚೇರಿಯೊಂದರಲ್ಲಿ ಗುಮಾಸ್ತ. ಪಾಪ, ಅವನಿಗೆ ಅಡುಗೆಯೂ ಬಾರದು, ತೋಟದ ಕೆಲಸವೂ ಬಾರದು. ನೀರು ಕೇಳದ, ಕತ್ತರಿ ಕೇಳದ, ಬಿಸಿಲಿಗೆ ಬಾಡದ ಗಿಡ ಬೇಕಿತ್ತು. ಪಕ್ಕದ ಮನೆಯ ಅನ್ನದಾನಮ್ಮ ಗರಿಕೆ ಹಚ್ಚು ಎಂದಳು. ಗಣಪತಿ ಹಬ್ಬಕ್ಕೆ ಓಣಿಯವರೇ ಅದನ್ನು ಬೋಳಿಸುತ್ತಾರೆಂದು ಎದುರು ಮನೆಯ ಮಂಜಣ್ಣ ತಳ್ಳಿಹಾಕಿದ. ಕೊನೆಗೆ ಸೈಕಲ್ ರಿಪೇರಿಯ ರಾಜಾಸಾಬ್ ತನ್ನ ಅಂಗಡಿ ಮುಂದಿನ ಡಬ್ಬಿಯಿಂದ ಒಂದು ಹಿಡಿ ಹೂಬಳ್ಳಿ ಕಿತ್ತುಕೊಟ್ಟ. ಬಿಸಿಲು ಬಿದ್ದರೆ ಕೆಂಪಗೆ ಅರಳುತ್ತದೆ. ಮೋಡವಿದ್ದರೆ ಹೂ ಮುಚ್ಚಿ, ಥೇಟ್ ಹೊಲದಲ್ಲಿ ಕಳೆಯಾಗಿ ಹಬ್ಬುವ ಗೋಣಿ ಸೊಪ್ಪು.

ಇಳಿಜಾರಿಗೆ ಹಚ್ಚಿದ ಬಳ್ಳಿ ಚಾಪೆ ಹಾಸಿದಂತೆ ಹಬ್ಬಿತು. ಉಚ್ಚಂಗೆಪ್ಪ ಹಿಗ್ಗಿ ಹೆಂಡತಿಗೆ ಬರಹೇಳಿದ. ಸಂಜೆ ಬಸ್ಸಿಗೆ ಬರುತ್ತೇನೆಂದು ಅವಳೂ ಹೇಳಿಕಳಿಸಿದಳು.

ಆ ದಿನ ಬೆಳಿಗ್ಗೆಯೆಲ್ಲ ಮೋಡ. ಮಧ್ಯಾಹ್ನ ಬಿಸಿಲು ಬಿದ್ದದ್ದೇ ಹೂ ನೋಡಿ ಹೋಗೋಣವೆಂದು ಕಚೇರಿಯಿಂದ ಬಂದವನು ಬೀದಿಯಲ್ಲೇ ನಿಂತುಬಿಟ್ಟ. ಇಳಿಜಾರಿನಲ್ಲಿ ಒಂದೆಲೆಯೂ ಇರಲಿಲ್ಲ.

ಸಂತೆಯಿಂದ ಆಗತಾನೇ ಬಂದ ಅನ್ನದಾನಮ್ಮನ ಚೀಲದೊಳಗೆ ಇಣುಕಿದ. ಮಂಜಣ್ಣನ ಮೇಕೆಯ ಬಾಯಿ ಬಿಡಿಸಿ ನೋಡಿದ. ಇಬ್ಬರೂ ಮೊದಲು ಆಣೆ ಮಾಡಿದರು, ಆಮೇಲೆ ಬೈದರು. ಓಣಿ ನೆರೆಯಿತು.

"ನಾ ಹಚ್ಚಿದ್ದನ್ನ ಕಿತ್ತೋರು ಯಾರರ ಆಗ್ಲಿ, ನನ್ನ ಹೊಸ್ತಿಲಾ ತುಳೀಬಾರ್ದು," ಎಂದು ಉಚ್ಚಂಗೆಪ್ಪ ಎಲ್ಲರೆದುರು ಸಾರಿದ.

ಗದ್ದಲ ಕೇಳಿ ಹಿತ್ತಿಲಿನಿಂದ ಪಾಲಮ್ಮ ಬಂದಳು. ಗಂಡನ ಮುಖ ನೋಡುವ ಆತುರಕ್ಕೆ ಬೆಳಗಿನ ಬಸ್ಸಿಗೇ ಬಂದಿದ್ದಳು, ಅಷ್ಟರಲ್ಲಿ ಅವನು ಕಚೇರಿಗೆ ಹೋಗಿಯಾಗಿತ್ತು. ಕೈಯಲ್ಲಿ ಕುಡುಗೋಲು, ಮೊಣಕೈವರೆಗೆ ಮಣ್ಣು.

"ಯಾಕ ಒದರ್ತೀರಿ? ಅಂಗಳದ ತುಂಬ ಕಸ ಬೆಳಿಸಿದ್ರಿ. ಎಲ್ಲಾ ತೆಗದು ತಿಪ್ಪಿಗೆ ಹಾಕಿ ಬಂದೆ. ನೀವು ಹಚ್ಚಿದ್ದನ್ನ ಯಾರು ಕಿತ್ರು?"

ಓಣಿಯವರ ಕಣ್ಣೆಲ್ಲ ಉಚ್ಚಂಗೆಪ್ಪನ ಮೇಲೆ ನೆಟ್ಟವು. ಅವನಿಗೆ ಹೆಂಡತಿಯನ್ನು ಹೊಸ್ತಿಲಾಚೆ ನಿಲ್ಲಿಸುವುದಕ್ಕಿಂತ ಮರ್ಯಾದೆ ಬಿಡುವುದೇ ವಾಸಿ ಎನಿಸಿತು.

"ನಾ ಏನೂ ಹಚ್ಚಿಲ್ಲ ಬಿಡು. ಅದು ಬರೇ ಕಸ. ತೆಗದಿದ್ದು ಚಲೋ ಆತು."

ಪಾಲಮ್ಮ ಬೋಳು ಇಳಿಜಾರನ್ನೊಮ್ಮೆ, ಗಂಡನನ್ನೊಮ್ಮೆ ನೋಡಿದಳು.

"ಹಂಗಾರ ಏನೂ ಹಚ್ಚದನ ನನ್ನ ಬಾ ಅಂದ್ರಿ," ಎಂದವಳೇ ಒಳಗೆ ಹೋಗಿ, ಇನ್ನೂ ಬೀಗ ತೆಗೆಯದ ಟ್ರಂಕನ್ನು ಎತ್ತಿಕೊಂಡು ಬಸ್ ಸ್ಟ್ಯಾಂಡಿನ ದಾರಿ ಹಿಡಿದಳು.