ಇಪ್ಪತ್ತೆಂಟು ಅಡಿ ಉದ್ದದ ಶಂಖ

ಸಕಲೇಶಪುರ ತಾಲ್ಲೂಕು ಹಾನುಬಾಳು ಹೋಬಳಿಯ ನೇರಳಹಕ್ಲು ಎಂಬ ಹನ್ನೊಂದು ಮನೆಗಳ ಊರಿಗೆ ಸರ್ಕಾರವು ೧೯೯೮ನೆಯ ಇಸವಿಯಲ್ಲಿ ಇಪ್ಪತ್ತೆಂಟು ಅಡಿ ಉದ್ದದ, ಒಂದು ಬದಿಗೆ ಹಿಡಿಗಂಬಿಯುಳ್ಳ ಶಂಖವೊಂದನ್ನು ಮಂಜೂರು ಮಾಡಿತು. ಈ ಮಂಜೂರಾತಿಯಲ್ಲಿ ಯಾವ ಲೋಪವೂ ನಡೆದಿಲ್ಲವೆಂದು ಮೂರು ಸಮಿತಿಗಳು ಬೇರೆಬೇರೆಯಾಗಿ ದೃಢಪಡಿಸಿವೆ. ನಾಲ್ಕನೆಯ ಸಮಿತಿಯು ಮೊದಲಿನ ಮೂರನ್ನೂ ಅಭಿನಂದಿಸಿದೆ.

ನೇರಳಹಕ್ಲಿಗೂ ಹಾನುಬಾಳಿನ ರಸ್ತೆಗೂ ನಡುವೆ ಒಂದು ಹಳ್ಳವಿದೆ. ಬೇಸಿಗೆಯಲ್ಲಿ ಅದು ಕಣಕಾಲು ಮುಳುಗುವಷ್ಟು; ಜೂನ್ ತಿಂಗಳಿಂದ ಸೆಪ್ಟೆಂಬರಿನವರೆಗೆ ಆಳೆತ್ತರ. ಇಂಥ ಹಳ್ಳಕ್ಕೆ ಅಡ್ಡಲಾಗಿ ಮರದ ದಿಮ್ಮಿ ಹಾಕಿ ದಾಟುವ ಏರ್ಪಾಟನ್ನು ಗುಡ್ಡದ ಜನ ‘ಸಂಕ’ ಎನ್ನುತ್ತಾರೆ. ಊರಿನ ಹಳೆಯ ಸಂಕವು ಹಿಂದಿನ ವರ್ಷದ ಮಳೆಯಲ್ಲಿ ತೇಲಿಹೋಗಿತ್ತು. ಅಂದಿನಿಂದ ಮೇಲುದಾರಿ ಸುತ್ತಿ ಎಸ್ಟೇಟಿನ ಕೆಲಸಕ್ಕೆ ಹೋಗಬೇಕಾಗಿ ಬಂದ ಮಾದಮ್ಮ ಎಂಬ ಹೆಂಗಸು, ಆ ಮಳೆಗಾಲದಲ್ಲಿ ಮೂವತ್ತೊಂದು ದಿನ ಹಾಜರಿ ಕೂಗುವ ಹೊತ್ತಿಗೆ ತಲುಪಲಿಲ್ಲ.

“ಮುಂದಿನ ಮಳೇಲೂ ಹಿಂಗೇ ಆದ್ರೆ ಹೆಸ್ರು ಹೊಡೆದಾಕ್ತೀನಿ ಮಾದಮ್ಮ,” ಎಂದು ಎಸ್ಟೇಟಿನಲ್ಲಿ ಹಾಜರಿ ಬರೆಯುವ ರೈಟರ್ ವಸಂತ ತಿಳಿಸಿದನು. “ನಂದೇನೂ ಇಲ್ಲ. ಧಣಿಗಳ ಆರ್ಡ್ರು.”

“ಹಳ್ಳಕ್ಕೂ ಒಂದು ಆರ್ಡ್ರು ಕೊಡ್ಸಪ್ಪ ಹಂಗಾದ್ರೆ, ಎಂಟು ಗಂಟೆಗಂಟ ಸುಮ್ನಿರು ಅಂತ.”

ಇಪ್ಪತ್ತೆರಡು ವರ್ಷ ಅದೇ ಎಸ್ಟೇಟಿನಲ್ಲಿ ಕಾಫಿ ಕುಯ್ದಿದ್ದ ಮಾದಮ್ಮನಿಗೆ ಬೇರೆ ಕಡೆ ಕೆಲಸ ಸಿಗುವ ವಯಸ್ಸು ಮೀರಿತ್ತು. ಆಕೆ ಬಸ್ಸು ಹತ್ತಿ ಸಕಲೇಶಪುರದ ಪ್ರವಾಸಿ ಮಂದಿರಕ್ಕೆ ಹೋಗಿ, ಆ ಭಾಗದ ಶಾಸಕರಾದ ಸಿದ್ದಬಸಪ್ಪನವರ ಮುಂದೆ ನಿಂತಳು.

ಸಿದ್ದಬಸಪ್ಪನವರು ಸರ್ಕಾರವನ್ನು ಪ್ರಶ್ನಿಸುವುದಕ್ಕೆಂದೇ ಆರಿಸಿ ಬಂದವರು. ಆಯವ್ಯಯದ ಪುಸ್ತಕವನ್ನು ಅವರು ಕೊನೆಯ ಪುಟದಿಂದ ಓದುತ್ತಿದ್ದರು. ಇಲಾಖೆಗಳು ನಾಚಿಕೆಯ ಸಂಗತಿಗಳನ್ನು ಅನುಬಂಧದಲ್ಲಿ ಇಡುತ್ತವೆ ಎಂಬುದು ಅವರ ಅನುಭವ. ಯಾವ ಕಾಮಗಾರಿಯ ಉದ್ಘಾಟನೆಗೆ ಹೋದರೂ ಜೇಬಿನಲ್ಲಿ ಅಳತೆಯ ಟೇಪು ಇರುತ್ತಿತ್ತಾದ್ದರಿಂದ, ಅವರನ್ನು ಉದ್ಘಾಟನೆಗೆ ಕರೆಯುವ ಪದ್ಧತಿ ನಿಂತುಹೋಗಿತ್ತು.

“ಎಷ್ಟುದ್ದ ಬೇಕಮ್ಮ ಸಂಕ?” ಎಂದು ಅವರು ಕೇಳಿದರು.

“ಈ ದಡದಿಂದ ಆ ದಡ ಮುಟ್ಟೋವಷ್ಟು ಸ್ವಾಮಿ. ಅದ್ಕಿಂತ ಗಿಡ್ಡ ಕೊಟ್ರೆ ನಡುನೀರಲ್ಲಿ ನಿಂತ್ಕಂಡು ನಿಮ್ಮುನ್ನೇ ಕೂಗ್ಬೇಕಾಯ್ತದೆ.”

ಶಾಸಕರು ಅಂದೇ ಸದನಕ್ಕೆ ಚುಕ್ಕೆ ಗುರುತಿನ ಪ್ರಶ್ನೆಯೊಂದನ್ನು ಕಳುಹಿಸಿದರು: “ನೇರಳಹಕ್ಲಿನ ಹಳ್ಳಕ್ಕೆ ಸಂಕ ನಿರ್ಮಿಸಲು ಸರ್ಕಾರವು ಕ್ರಮ ಕೈಗೊಂಡಿದೆಯೇ? ಇಲ್ಲವಾದರೆ ಕಾರಣವೇನು?”

ಪ್ರಶ್ನೆಯು ಉತ್ತರಕ್ಕಾಗಿ ಗ್ರಾಮ ಸಂಪರ್ಕ ಮತ್ತು ಸಮನ್ವಯ ಇಲಾಖೆಗೆ ಹೋಯಿತು. ಆ ಇಲಾಖೆಯಲ್ಲಿ ಭಾಷಾಶುದ್ಧಿ ಶಾಖೆ ಎಂಬುದೊಂದಿತ್ತು. ಅದರ ಅಧಿಕಾರಿ ಪಂಕಜಾಕ್ಷಿಯವರು ಬಯಲುಸೀಮೆಯವರು, ನಿಷ್ಠಾವಂತರು. ಕಾಗುಣಿತದ ತಪ್ಪಿದ್ದ ಕಾರಣಕ್ಕೆ ತಮ್ಮದೇ ಬಡ್ತಿಯ ಆದೇಶವನ್ನು ಹಿಂದಿರುಗಿಸಿದವರು. ಅವರು ‘ಸಂಕ’ ಎಂಬ ಪದದ ಮೇಲೆ ಕೆಂಪು ಶಾಯಿಯಲ್ಲಿ ಹೀಗೆ ಟಿಪ್ಪಣಿ ಬರೆದರು:

“ಗ್ರಾಮಾಂತರದ ಜನರು ಶಕಾರವನ್ನು ಸಕಾರವಾಗಿಯೂ ಮಹಾಪ್ರಾಣವನ್ನು ಅಲ್ಪಪ್ರಾಣವಾಗಿಯೂ ಉಚ್ಚರಿಸುವುದು ವಾಡಿಕೆ. ಆದಕಾರಣ ‘ಸಂಕ’ ಎಂದಿರುವಲ್ಲಿ ‘ಶಂಖ’ ಎಂದು ಓದಿಕೊಳ್ಳತಕ್ಕದ್ದು. ಶಂಖವನ್ನು ಯಾರೂ ನಿರ್ಮಿಸುವುದಿಲ್ಲವಾದ್ದರಿಂದ ‘ನಿರ್ಮಿಸಲು’ ಎಂಬುದನ್ನು ‘ಒದಗಿಸಲು’ ಎಂದು ತಿದ್ದಿದೆ.”

ವ್ಯಾಕರಣದ ದೃಷ್ಟಿಯಿಂದ ಈ ಟಿಪ್ಪಣಿಯಲ್ಲಿ ಇಂದಿಗೂ ಯಾರೂ ತಪ್ಪು ಕಂಡುಹಿಡಿದಿಲ್ಲ.

ಫೆಬ್ರವರಿಯ ಅಧಿವೇಶನದಲ್ಲಿ ಸಚಿವರು ಎದ್ದುನಿಂತು ಉತ್ತರ ಓದಿದರು: “ಹೌದು. ನೇರಳಹಕ್ಲಿಗೆ ಶಂಖ ಒದಗಿಸಲು ಆಡಳಿತಾತ್ಮಕ ಮಂಜೂರಾತಿ ನೀಡಲಾಗಿದೆ.”

“ಮಾನ್ಯ ಅಧ್ಯಕ್ಷರೇ, ನಾನು ಕೇಳಿದ್ದು ಸಂಕ!” ಎಂದರು ಸಿದ್ದಬಸಪ್ಪನವರು.

“ಅದನ್ನೇ ಹೇಳ್ತಿದೀನಿ. ಶಂಖ.”

“ಸ್ವಾಮಿ, ಊದೋದಲ್ಲ, ದಾಟೋದು!”

“ಊದಬೇಕೋ ದಾಟಬೇಕೋ ಎಂಬುದು ಫಲಾನುಭವಿಗಳ ವಿವೇಚನೆಗೆ ಬಿಟ್ಟದ್ದು. ಬಳಕೆಯ ವಿಷಯದಲ್ಲಿ ನಮ್ಮ ಸರ್ಕಾರ ಹಸ್ತಕ್ಷೇಪ ಮಾಡುವುದಿಲ್ಲ,” ಎಂದು ಸಚಿವರು ನುಡಿದಾಗ ಆಡಳಿತ ಪಕ್ಷದವರು ಮೇಜು ಕುಟ್ಟಿದರು.

ಸದನದಲ್ಲಿ ಕೊಟ್ಟ ಉತ್ತರ ತಪ್ಪೆಂದು ಒಪ್ಪಿದರೆ ಸದನದ ಹಕ್ಕುಚ್ಯುತಿಯಾಗುತ್ತದೆ. ಇಲಾಖೆಯ ಕೈಪಿಡಿಯ ನಿಯಮ ೧೪(ಊ) ಈ ಬಗ್ಗೆ ಸ್ಪಷ್ಟವಾಗಿದೆ: “ಉತ್ತರವೂ ವಾಸ್ತವವೂ ಹೊಂದಿಕೆಯಾಗದ ಸಂದರ್ಭದಲ್ಲಿ, ವಾಸ್ತವವನ್ನು ಮೂವತ್ತು ದಿನಗಳೊಳಗೆ ಸರಿಪಡಿಸತಕ್ಕದ್ದು.” ಅದರಂತೆ ಇಲಾಖೆಯು ಶಂಖ ಖರೀದಿಗೆ ಮುಂದಾಯಿತು.

ಅಷ್ಟರಲ್ಲಿ ತಾಲ್ಲೂಕಿನ ಎಂಜಿನಿಯರ್ ಚನ್ನಬಸವಯ್ಯನವರು, ತಮ್ಮ ಕಿವಿಗೆ ಬಿದ್ದಿದ್ದು ಸಂಕವೆಂದೇ ತಿಳಿದು, ಹಳ್ಳವನ್ನು ಅಳೆದು ಅಂದಾಜು ಪಟ್ಟಿಯನ್ನು ಕಳುಹಿಸಿಬಿಟ್ಟಿದ್ದರು. ಮಂಜೂರಾತಿಗೂ ಅಂದಾಜಿಗೂ ಒಂದೇ ಕಡತಸಂಖ್ಯೆ ಇದ್ದುದರಿಂದ ಎರಡನ್ನೂ ಒಟ್ಟಿಗೆ ಹೊಲಿಯಲಾಯಿತು. ಪತ್ರಿಕೆಗಳಲ್ಲಿ ಪ್ರಕಟವಾದ ಟೆಂಡರು ಹೀಗಿತ್ತು:

“ಬೇಕಾಗಿದೆ: ಶಂಖ, ಒಂದು. ಉದ್ದ ಇಪ್ಪತ್ತೆಂಟು ಅಡಿ. ಒಂದು ಬದಿಗೆ ಹಿಡಿಗಂಬಿ ಇರತಕ್ಕದ್ದು. ತಲೆಹೊರೆ ಸಹಿತ ಮೂವರನ್ನು ಏಕಕಾಲಕ್ಕೆ ಹೊರತಕ್ಕದ್ದು. ನಾದ ಉತ್ತಮವಾಗಿರತಕ್ಕದ್ದು.”

ಅಂಥ ಶಂಖ ಸಮುದ್ರದಲ್ಲಿ ದೊರೆಯುವುದಿಲ್ಲವೆಂದು ಗುತ್ತಿಗೆದಾರರು ಬಿನ್ನವಿಸಿಕೊಂಡರು. ಸಮುದ್ರವು ಇಲಾಖೆಯ ನೋಂದಾಯಿತ ಸರಬರಾಜುದಾರನಲ್ಲವಾದ್ದರಿಂದ ಅದರ ತೊಂದರೆಗಳನ್ನು ಪರಿಗಣಿಸಲಾಗದೆಂದು ಇಲಾಖೆ ಉತ್ತರಿಸಿತು. ಕೊನೆಗೆ ತಾಂತ್ರಿಕ ಉಪಸಮಿತಿಯು ದಾರಿ ತೋರಿತು: ನಾಲ್ಕು ಅಂಗುಲದ ಎಂಬತ್ತನಾಲ್ಕು ಶಂಖಗಳನ್ನು ಸಾಲಾಗಿ ಇಟ್ಟರೆ ಒಟ್ಟು ಉದ್ದ ಸರಿಯಾಗಿ ಇಪ್ಪತ್ತೆಂಟು ಅಡಿ.

ಮೇ ತಿಂಗಳ ಮೂರನೆಯ ವಾರ ಶಂಖಗಳು ಜೀಪಿನಲ್ಲಿ ಬಂದವು. ಚನ್ನಬಸವಯ್ಯನವರು ಅವನ್ನು ಹಳ್ಳದ ಅಡ್ಡಕ್ಕೆ ಇಡಲು ನೀರು ಅಡ್ಡಿಯಾದ್ದರಿಂದ ದಡದ ಉದ್ದಕ್ಕೆ ಇಡಿಸಿದರು. ಊರಿನವರು ನೆರೆದರು.

“ಇದೇನ್ ಮಾರಾಯ, ಹಳ್ಳಕ್ಕೆ ಪೂಜೆನಾ?” ಎಂದು ಬಸಮ್ಮ ಎಂಬ ಮುದುಕಿ ಕೇಳಿದಳು.

“ಅಲ್ಲಮ್ಮ, ಇದು ಸಂಪರ್ಕ ಯೋಜನೆ,” ಎಂದರು ಚನ್ನಬಸವಯ್ಯನವರು.

“ಯಾರ್ ಜೊತೆ ಸಂಪರ್ಕ? ಶಿವನ ಜೊತೇನಾ?”

ಶಾಸಕರಿಗೆ ಸುದ್ದಿ ಮುಟ್ಟಿತು. ಅವರು ಕೆಂಡವಾಗಿ ಬಂದವರು, ಅಭ್ಯಾಸಬಲದಿಂದ ಟೇಪು ತೆಗೆದು ಅಳೆದರು. ಇಪ್ಪತ್ತೇಳು ಅಡಿ ಎಂಟು ಅಂಗುಲ. ಮತ್ತೊಮ್ಮೆ ಅಳೆದರು. ಅವರ ಮುಖ ಅರಳಿತು.

“ಚನ್ನಬಸವಯ್ಯ! ಒಂದು ಶಂಖ ಎಲ್ಲಿ?”

ಎಂಜಿನಿಯರರು ಮೊದಲಿನಿಂದ ಎಣಿಸತೊಡಗಿದರು. ಮಾದಮ್ಮ ಮುಂದೆ ಬಂದು, “ಸ್ವಾಮಿ, ಇನ್ನು ಹತ್ ದಿನಕ್ಕೆ ಮಳೆ ಹಿಡ್ಕಂಬುಡ್ತದೆ. ಎಂಬತ್ಮೂರೋ ಎಂಬತ್ನಾಕೋ, ನಾನು ದಾಟಾದು ಹೆಂಗೆ?” ಎಂದಳು.

“ತಾಳಮ್ಮ. ಮೊದಲು ಈ ನಾಲ್ಕು ಅಂಗುಲದ ಉತ್ತರ ಬರಲಿ. ಇದನ್ನ ಬಿಟ್ಟರೆ ನಾಳೆ ಇವರು ನಾಲ್ಕು ಮೈಲಿ ನುಂಗ್ತಾರೆ,” ಎಂದು ಶಾಸಕರು ಹೇಳಿದರು. ಅವರು ಹೇಳಿದ್ದು ನಿಜವೂ ಆಗಿತ್ತು.

ಕಾಣೆಯಾದ ಶಂಖದ ವಿಷಯ ನಾಡಿನ ಗಮನ ಸೆಳೆಯಿತು. ಸಂಪಾದಕೀಯಗಳು ಪ್ರಕಟವಾದವು. ತನಿಖೆಯಿಂದ ತಿಳಿದುಬಂದಂತೆ, ಆ ಶಂಖವನ್ನು ಇಲಾಖೆಯ ಕಚೇರಿಯಲ್ಲಿ ಕಾಗದ ಹಾರದಂತೆ ಇಡಲು ಬಳಸಲಾಗುತ್ತಿತ್ತು. ಅದರ ಕೆಳಗಿದ್ದ ಕಾಗದ ನೇರಳಹಕ್ಲಿನ ಯೋಜನೆಯದೇ. ಶಂಖವನ್ನು ವಶಪಡಿಸಿಕೊಂಡು ಊರಿಗೆ ತಲುಪಿಸಲಾಯಿತು. ಸಾರ್ವಜನಿಕ ಸೊತ್ತಿನ ಪ್ರತಿ ಅಂಗುಲವನ್ನೂ ಕಾಯ್ದ ಸಿದ್ದಬಸಪ್ಪನವರನ್ನು ಸದನವು ಪಕ್ಷಭೇದವಿಲ್ಲದೆ ಪ್ರಶಂಸಿಸಿತು. ಹನ್ನೊಂದು ವರ್ಷಗಳಲ್ಲಿ ಸದನದೊಳಗೆ ಅವರಿಗೆ ಇದೇ ಮೊದಲ ಗೆಲುವಾದ್ದರಿಂದ, ಗೆದ್ದದ್ದು ಏನನ್ನು ಎಂಬುದನ್ನು ಅವರು ಒಂದೆರಡು ದಿನ ಯೋಚಿಸಲಿಲ್ಲ.

ಜೂನ್ ಆರರಂದು ಮಳೆ ಹಿಡಿಯಿತು. ಮಾದಮ್ಮ ಮೊದಲ ವಾರದಲ್ಲೇ ನಾಲ್ಕು ದಿನ ತಡವಾದಳು. ರೈಟರ್ ವಸಂತ ಹಾಜರಿ ಪುಸ್ತಕದಲ್ಲಿ ಆಕೆಯ ಹೆಸರಿನ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದು, “ಶನಿವಾರ ಇದುನ್ನ ಪೆನ್ನಲ್ಲಿ ಎಳೀತೀನಿ” ಎಂದನು.

ಆ ಗುರುವಾರದ ಗಾಳಿಗೆ ಎಸ್ಟೇಟಿನ ಅಂಚಿನಲ್ಲಿ ಸಿಲ್ವರ್ ಓಕ್ ಮರವೊಂದು ಬಿದ್ದಿತು. ಸಾಗಿಸುವ ಕೂಲಿ ಯಾರು ಕೊಡುತ್ತಾರೆಂದು ಧಣಿಗಳು ಯೋಚಿಸುತ್ತಿರುವಾಗಲೇ ಹನ್ನೊಂದು ಮನೆಯವರೂ ಸೇರಿ ಅದನ್ನು ಎಳೆದು ತಂದು, ಶುಕ್ರವಾರ ಮಧ್ಯಾಹ್ನದೊಳಗೆ ಹಳ್ಳಕ್ಕೆ ಅಡ್ಡ ಹಾಕಿ, ಒಂದು ಬದಿಗೆ ಬಿದಿರಿನ ಹಿಡಿ ಕಟ್ಟಿದರು. ಶನಿವಾರ ಮಾದಮ್ಮ ಏಳೂಮುಕ್ಕಾಲಿಗೆ ಹಾಜರಿದ್ದಳು. ವಸಂತ ಪೆನ್ನಿನ ಮುಚ್ಚಳ ಹಾಕಿದನು.

ಸೋಮವಾರ ಇಲಾಖೆಯ ನೋಟೀಸು ಬಂದಿತು. ಶಂಖ ಯೋಜನೆಯ ಫಲಾನುಭವಿ ಪ್ರದೇಶದಲ್ಲಿ ಅನುಮತಿಯಿಲ್ಲದೆ ಮರದ ರಚನೆಯೊಂದನ್ನು ಹಾಕಿರುವುದು ಗಮನಕ್ಕೆ ಬಂದಿದೆ. ಇದರಿಂದ ಶಂಖಗಳ ಉಪಯುಕ್ತತೆಯ ಬಗ್ಗೆ ಸಾರ್ವಜನಿಕರಲ್ಲಿ ಸಂಶಯ ಮೂಡುವ ಸಂಭವವಿದೆ. ಏಳು ದಿನಗಳೊಳಗೆ ತೆರವು ಮಾಡದಿದ್ದಲ್ಲಿ ಇಲಾಖೆಯೇ ತೆರವು ಮಾಡುವುದು.

ಮಾದಮ್ಮ ನೋಟೀಸು ಹಿಡಿದು ಮತ್ತೆ ಪ್ರವಾಸಿ ಮಂದಿರಕ್ಕೆ ಹೋದಳು. ಈ ಸಲ ಆಕೆ ನಿಲ್ಲಲಿಲ್ಲ, ಕುರ್ಚಿ ಎಳೆದು ಕುಳಿತಳು.

“ನೀವು ಕೇಳಿದ್ಕೇ ಇಷ್ಟೆಲ್ಲ ಆಗಿದ್ದು. ಕೇಳ್ದೆ ಇದ್ದಿದ್ರೆ ಮರ ತಾನಾಗೇ ಬೀಳ್ತಿತ್ತು, ನಾವು ತಾನಾಗೇ ದಾಟ್ತಿದ್ವಿ.”

ಸಿದ್ದಬಸಪ್ಪನವರು ನೋಟೀಸನ್ನು ಎರಡು ಬಾರಿ ಓದಿದರು. ನಾಚಿಕೆಯಿಂದ ಅವರ ಕಿವಿ ಕೆಂಪಾಯಿತು. “ತಪ್ಪಾಯ್ತಮ್ಮ,” ಎಂದರು. ಆಮೇಲೆ ಕಾಗದ ತೆಗೆದುಕೊಂಡರು. ‘ಸಂಕ’ ಎಂದು ಬರೆದರೆ ಅದು ಯಾವ ಕೋಣೆಗೆ ಹೋಗಿ ಏನಾಗಿ ಹೊರಬರುತ್ತದೆಂಬುದು ಈಗ ಅವರಿಗೆ ತಿಳಿದಿತ್ತು. ಆದ್ದರಿಂದ ಆ ಕೋಣೆಯ ಕೆಲಸವನ್ನು ಅವರೇ ಮಾಡಿ ಮುಗಿಸಿದರು:

“ನೇರಳಹಕ್ಲಿನ ಹಳ್ಳಕ್ಕೆ ಅಡ್ಡಲಾಗಿರುವ, ಸದನದ ಭರವಸೆಗೆ ಒಳಪಟ್ಟ ಶಂಖವನ್ನು ಕಿತ್ತುಹಾಕಲು ಇಲಾಖೆಯು ನೋಟೀಸು ನೀಡಿರುವುದು ನಿಜವೇ? ನಿಜವಾದರೆ ಹೊಣೆಗಾರರು ಯಾರು?”

ಪಂಕಜಾಕ್ಷಿಯವರು ಅದರಲ್ಲಿ ತಿದ್ದುವಂಥದ್ದೇನೂ ಕಾಣದೆ, ಶಾಸಕರ ಭಾಷೆ ಸುಧಾರಿಸಿರುವುದಾಗಿ ಅಂಚಿನಲ್ಲಿ ಬರೆದು ಮುಂದಕ್ಕೆ ಕಳುಹಿಸಿದರು. ಇಲಾಖೆಯಲ್ಲಿ ಕೋಲಾಹಲವಾಯಿತು. ಮಂಜೂರಾದ ಶಂಖವನ್ನು ಕೀಳುವುದೆಂದರೆ ಸದನಕ್ಕೇ ಕೈ ಹಾಕಿದಂತೆ. ನೋಟೀಸನ್ನು ಅಂದೇ ಹಿಂಪಡೆಯಲಾಯಿತು. ಮರುದಿನ ಚನ್ನಬಸವಯ್ಯನವರು ಕೊಡೆ ಹಿಡಿದು ತಪಾಸಣೆಗೆ ಬಂದರು.

ಉದ್ದ: ಇಪ್ಪತ್ತೆಂಟು ಅಡಿ. ಹಿಡಿಗಂಬಿ: ಒಂದು ಬದಿಗೆ ಇದೆ. ಹೊರೆ: ಮಾದಮ್ಮ, ಬಸಮ್ಮ ಮತ್ತು ಸ್ವತಃ ಎಂಜಿನಿಯರರು ಸೌದೆ ಹೊತ್ತು ನಡುವೆ ನಿಂತರು, ತಡೆಯಿತು. ಟೆಂಡರಿನ ಷರತ್ತುಗಳೆಲ್ಲ ಮೊದಲ ಬಾರಿಗೆ ಪೂರೈಕೆಯಾಗುತ್ತಿದ್ದವು. ಒಂದು ಮಾತ್ರ ಉಳಿದಿತ್ತು.

“ನಾದ ಬರಬೇಕಲ್ಲಮ್ಮ,” ಎಂದರು ಚನ್ನಬಸವಯ್ಯನವರು ದೀನರಾಗಿ.

“ಕುಣೀರಿ ಸ್ವಾಮಿ, ಬತ್ತದೆ.”

ಎಂಜಿನಿಯರರು ಸೌದೆಯ ಹೊರೆ ಸಹಿತ ಎರಡು ಬಾರಿ ಕುಪ್ಪಳಿಸಿದರು. ದಿಮ್ಮಿ ಕಿರ್ರೆಂದಿತು. “ನಾದ: ಉತ್ತಮ” ಎಂದು ಅವರು ಬರೆದುಕೊಂಡರು.

ದಿಮ್ಮಿಯನ್ನು ಮಂಜೂರಾದ ಶಂಖವೆಂದು ದಾಖಲಿಸಲಾಯಿತು. ಉಳಿದ ಎಂಬತ್ತನಾಲ್ಕನ್ನು ಅದರ ಬಿಡಿಭಾಗಗಳೆಂದು ಘೋಷಿಸಿ ಹಾನುಬಾಳಿನ ಉಗ್ರಾಣದಲ್ಲಿ ಇರಿಸಲಾಗಿದೆ. ಯೋಜನೆಯ ಯಶಸ್ಸನ್ನು ಕೇಳಿ ಆಲೂರು ತಾಲ್ಲೂಕಿನ ಪಾಳ್ಯದ ಕಡೆಯ ರೈತರು ತಮ್ಮ ಗದ್ದೆಯ ಕಾಲುವೆಗೂ ಹದಿನೆಂಟು ಅಡಿಯ ಶಂಖವೊಂದನ್ನು ಕೋರಿ ಅರ್ಜಿ ಸಲ್ಲಿಸಿದ್ದಾರೆ. ಯಾವ ಜಾತಿಯ ಮರದ ಶಂಖ ಬೇಕೆಂದು ಇಲಾಖೆ ಸ್ಪಷ್ಟೀಕರಣ ಕೇಳಿದೆ.

ಮಾದಮ್ಮನ ಹಾಜರಿ ಆಮೇಲೆ ಒಂದು ದಿನವೂ ತಪ್ಪಲಿಲ್ಲ. ಹೊರ ಊರಿನವರು ಯಾರಾದರೂ ಬಂದು “ಸಂಕ ಎಲ್ಲಿದೆ?” ಎಂದು ಕೇಳಿದರೆ, ಆಕೆ ಹೊರೆ ಕೆಳಗಿಳಿಸಿ, ನಾಲಗೆಯನ್ನು ಅಂಗುಳಕ್ಕೆ ಸರಿಯಾಗಿ ತಾಗಿಸಿ, ಉಸಿರು ಕಟ್ಟಿ ತಿದ್ದುತ್ತಾಳೆ:

“ಸಂಕ ಅಲ್ಲ ಕಣ್ರೀ, ಶಂಖ. ನೆಟ್ಟಗೆ ಅನ್ರೀ. ಯಾರಾದ್ರೂ ಕೇಳುಸ್ಕಂಡ್ರೆ ಕಿತ್ತಾಕ್ಬುಡ್ತಾರೆ.”