ಅವ್ವನ ಸಂದೂಕಿನ ಖಣಗಳು

ಜೇವರ್ಗಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಮಹೇಶಕುಮಾರ ಮಾಸ್ತರರಿಗೆ ತಮ್ಮ ಹೆಂಡತಿ ಕಲಾವಿದೆ ಎಂಬ ಸತ್ಯದರ್ಶನವಾದದ್ದು ಮನೆಯಲ್ಲಿ ಬೇಳೆ ಬೇಯದ ದಿನ. ಕುಕ್ಕರು ಸುತ್ತಲೂ ಬುಸುಗುಡುತ್ತಿತ್ತೇ ಹೊರತು ಸೀಟಿ ಹೊಡೆಯಲೊಲ್ಲದು. ಮುಚ್ಚಳ ತೆಗೆದು ನೋಡಿದರೆ ರಬ್ಬರು ನಾಪತ್ತೆ. ಅದು ಕೆಂಪು ಹಸಿರು ದಾರ ಸುತ್ತಿಸಿಕೊಂಡು, ನಡುವೆ ಒಂದು ಗೆಜ್ಜೆ ತೂಗಿಸಿಕೊಂಡು ಅನುರಾಧಾಳ ಕೊರಳಲ್ಲಿ ವಿರಾಜಮಾನವಾಗಿತ್ತು.

"ಹಳೇ ರಬ್ಬರಂತ ತಿಳದಿದ್ದೆರಿ. ಹೊಸದೂ ಹಳೇದೂ ಒಂದೇ ನಮೂನಿ ಇರ್ತಾವ, ನಾ ಏನ್ ಮಾಡ್ಲಿ?" ಎಂದಳು ಆಕೆ.

ಅಲ್ಲಿಂದ ಮುಂದೆ ಆ ಮನೆಯಲ್ಲಿ ಯಾವ ವಸ್ತುವಿನ ಬಾಳಿಗೂ ಭರವಸೆ ಉಳಿಯಲಿಲ್ಲ. ಮಾಸ್ತರರ ಛತ್ರಿ ತರಕಾರಿಯ ಚೀಲವಾಯಿತು. ಅಂಗಿಯ ಗುಂಡಿಗಳು ಕಿವಿಯ ಜುಮುಕಿಗಳಾದವು. ಹಳೆಯ ಪ್ಯಾಂಟು ಜೇಬುಗಳ ಸಮೇತ ಗೋಡೆಗೆ ನೇತುಬಿದ್ದು, ಪತ್ರಿಕೆ ಇಡುವ ಸಾಧನವಾಯಿತು. (ಮಾಸ್ತರರು ಮರೆತು ಅದರ ಜೇಬಿನಲ್ಲಿ ಸೀಮೆಸುಣ್ಣ ಹುಡುಕಿದ್ದುಂಟು.) ಫೋಟೋ ನೋಡಿದ ಅವಳ ತವರೂರು ಸೊಲ್ಲಾಪುರದ ಹೆಂಗಸರು ಫೋನಿನಲ್ಲಿ ವಾಹ್ ವಾಹ್ ಎನ್ನುತ್ತಿದ್ದರು. ಮಾಸ್ತರರಿಗೆ ಒಳಗೊಳಗೇ ಹೆಮ್ಮೆಯೂ ಇತ್ತು. ಆದರೂ ಸ್ನಾನಕ್ಕೆ ಹೋಗುವಾಗ ಉಡುವ ಬಟ್ಟೆಯನ್ನು ಕಣ್ಣಳತೆಯಲ್ಲೇ ಇಟ್ಟುಕೊಳ್ಳುವ ರೂಢಿ ಮಾಡಿಕೊಂಡಿದ್ದರು.

ಹೀಗಿರುವಾಗ ಅಫಜಲಪುರಕ್ಕೆ ಕೊಟ್ಟಿದ್ದ ತಂಗಿ ಮಹಾನಂದಾಳ ಕುಬಸ ಬಂತು. ಚೊಚ್ಚಲ ಬಸುರಿಗೆ ತವರಿನವರು ಮಾಡುವ ಕಾರ್ಯ. ಮಾಸ್ತರರ ತಾಯಿ ಗಂಗುಬಾಯಿ ಮಗಳ ಆರೈಕೆಗೆಂದು ಮುಂಚಿತವಾಗಿಯೇ ಅಫಜಲಪುರದ ಬಸ್ಸು ಹತ್ತಿದಳು. ಹತ್ತುವ ಮುಂಚೆ ತನ್ನ ಸಂದೂಕಿನ ಕೀಲಿಕೈ ಮಗನ ಕೈಗಿಟ್ಟು, "ಜ್ವಾಕಿ" ಎಂದಳು. ಅಷ್ಟೇ ಮಾತು.

ಆ ಸಂದೂಕಿನಲ್ಲಿ ಬಂಗಾರವಿರಲಿಲ್ಲ. ಮದುವೆ ಮುಂಜಿಗಳಲ್ಲಿ ಆಯೇರಿಯಾಗಿ, ಅಂದರೆ ಉಡುಗೊರೆಯಾಗಿ ಬಂದ ರವಿಕೆಯ ಖಣಗಳಿದ್ದವು. ಘಡಿ ಮುರಿಯದ, ಮಡಿಕೆ ಬಿಚ್ಚದ, ಕತ್ತರಿ ಕಾಣದ, ಬಣ್ಣ ಬಣ್ಣದ ಖಣಗಳು.

"ಅತ್ತಿ ಇವನ್ನ ಎಂದಾದ್ರೂ ಹೊಲಿಸ್ಯಾರೇನ್ರಿ?" ಎಂದಳು ಅನುರಾಧಾ. "ಸುಮ್ಮ ಕತ್ತಲದಾಗ ಕುಂತಾವ. ಎಲ್ಲಾ ಕೂಡಿಸಿ ಚಂದ ಚಂದ ಕೈಚೀಲ ಮಾಡ್ತೇನಿ. ಕುಬಸಕ್ಕ ಬಂದ ಹೆಣಮಕ್ಕಳಿಗಿ ಒಂದೊಂದು ಕೊಟ್ರ, ನಿಮ್ಮ ತಂಗಿ ಅತ್ತಿಮನ್ಯಾಗ ನಮ್ಮ ಹೆಸರ ಉಳೀತದ."

ಮಾಸ್ತರರು ಆಗಷ್ಟೇ ಎಣಗಾಯಿ ಪಲ್ಯದ ಊಟ ಮುಗಿಸಿದ್ದರು. ಹೊಟ್ಟೆ ತುಂಬಿದ ಗಂಡಸು ಔದಾರ್ಯದಲ್ಲಿ ಮಹಾರಾಜನಾಗಿರುತ್ತಾನೆ. ಕೀಲಿಕೈ ತೆಗೆದು ಕೊಟ್ಟು, "ಅವ್ವಗ ನಾ ಹೇಳ್ತೇನಿ" ಎಂದರು. ಹೇಳಲಿಲ್ಲ. ಧೈರ್ಯವಾದಾಗ ಹೇಳಿದರಾಯಿತು ಎಂದುಕೊಂಡರು, ಧೈರ್ಯವಾಗಲಿಲ್ಲ.

ಕುಬಸದ ಮುನ್ನಾ ದಿನ ಅವ್ವನ ಫೋನೇ ಬಂತು.

"ಮಹೇಶ್ಯಾ, ಬರೂವಾಗ ಸಂದೂಕಿನ್ಯಾಗಿನ ಖಣ ತಗೊಂಡ ಬಾ. ಬಂದ ಹೆಣಮಕ್ಕಳಿಗಿ ಕೊಡಬೇಕು. ಎಡಕಿನ ಗಂಟು ಅಫಜಲಪುರದವ್ರು ಕೊಟ್ಟದ್ದು, ಬಲಕಿಂದು ಅಂದೋಲಾದವ್ರು ಕೊಟ್ಟದ್ದು, ತಳದಾಗಿಂದು ಆಳಂದದವ್ರದು. ಗಂಟ ಬಿಚ್ಚಬ್ಯಾಡ. ಒಂದರಾಗ ಒಂದು ಕೂಡಿದ್ರ ನನ್ನ ಮರ್ಯಾದಿ ಹೋದಂಗ."

"ಯಾಕವ್ವಾ?"

"ಯಾಕಂತ ಕೇಳ್ತಿಯಲ್ಲಲೇ. ಅವ್ರು ಕೊಟ್ಟ ಖಣ ಅವ್ರಿಗೇ ತಿರುಗಿ ಕೊಟ್ರ ಏನಂತಾರ? ನಾವು ಪ್ರೀತಿಲೆ ಕೊಟ್ಟದ್ದು ಗಂಗುಬಾಯಿಗಿ ಬ್ಯಾಡಾಗಿತ್ತು ಅಂತಾರ. ಅದೂ ಮಗಳ ಅತ್ತಿಮನಿ ಅಂಗಳದಾಗ. ಇಷ್ಟ ವರ್ಷದಾಗ ನಾ ಒಮ್ಮಿನೂ ತಪ್ಪಿಲ್ಲ."

ಅದೇ ಮನೆಯಲ್ಲಿ ಉಂಡು ಬೆಳೆದಿದ್ದರೂ ಮಾಸ್ತರರಿಗೆ ಈ ಧರ್ಮಸೂಕ್ಷ್ಮ ತಿಳಿದದ್ದು ಆ ಕ್ಷಣದಲ್ಲಿ. ಆಯೇರಿಯ ಖಣವನ್ನು ಈ ಕಡೆ ಯಾರೂ ಹೊಲಿಸಿಕೊಳ್ಳುವುದಿಲ್ಲ. ಮದುವೆಯಲ್ಲಿ ಬಂದದ್ದು ಗೃಹಪ್ರವೇಶಕ್ಕೆ ಹೋಗುತ್ತದೆ, ಗೃಹಪ್ರವೇಶದ್ದು ತೊಟ್ಟಿಲ ಕಾರ್ಯಕ್ಕೆ ಹೋಗುತ್ತದೆ. ಹೀಗೆ ಘಡಿ ಮುರಿಯದೆ ಮೂರೂ ತಾಲ್ಲೂಕು ಸುತ್ತುತ್ತದೆ, ನಮ್ಮ ಸರಕಾರಿ ಬಸ್ಸುಗಳೂ ಅಷ್ಟು ಸುತ್ತಿರಲಾರವು. ಎಲ್ಲಿಗೆ ಬೇಕಾದರೂ ಹೋಗಲಿ, ಕೊಟ್ಟವರ ಕೈಗೆ ಮಾತ್ರ ತಿರುಗಿ ಹೋಗಬಾರದು. ಯಾರದು ಯಾವುದೆಂಬ ವಿವರವೆಲ್ಲ ಗಂಗುಬಾಯಿಯ ತಲೆಯಲ್ಲಿತ್ತು.

ಮಾಸ್ತರರು ಮಂಚದ ಕಡೆ ನೋಡಿದರು. ಕೈಚೀಲಗಳು ಸಾಲಾಗಿ ಕುಳಿತು ಮಿಂಚುತ್ತಿದ್ದವು. ಮುಂದಿನ ಮೈ ಅಫಜಲಪುರ, ಹಿಂದಿನ ಮೈ ಅಂದೋಲಾ, ಒಳಗಿನ ಅಸ್ತರು ಆಳಂದ.

"ಅವ್ವಾ, ಸುಮ್ಮ ಕೇಳ್ತೇನಿ," ಎಂದು ಮೆತ್ತಗೆ ಶುರು ಮಾಡಿದರು. "ಆ ಗಿಣಿಹಸರ ಖಣ ಯಾರು ಕೊಟ್ಟದ್ದು?"

"ಗಂಟ ಬಿಚ್ಚೀಯೇನಲೇ?"

"ಇಲ್ಲವ್ವಾ. ಕಂಡದ್ದಕ್ಕ ಕೇಳಿದೆ."

"ಬಿಚ್ಚಲಾರದ ಹೆಂಗ ಕಂಡ್ತು?"

"ರೇಂಜ್ ಸಿಗವಲ್ದವ್ವಾ," ಎಂದು ಮಾಸ್ತರರು ಫೋನು ಇಟ್ಟರು. ಬೆವರು ಒರೆಸಿಕೊಳ್ಳಲು ಕರವಸ್ತ್ರ ಹುಡುಕಿದರೆ ಅದೂ ಒಂದು ಚೀಲದ ಒಳಜೇಬಾಗಿ ಸಂದುಹೋಗಿತ್ತು.

"ಕತ್ತರಿಸಿದ ಮ್ಯಾಲ ಯಾರಿಗಿ ಗುರ್ತ ಹತ್ತತದರಿ?" ಎಂದಳು ಅನುರಾಧಾ. "ಅದು ಈಗ ಖಣ ಅಲ್ಲ. ನನ್ನ ಡಿಸೈನ್."

"ಖಣದ ಗುರ್ತು ಹೆಂಗಸರಿಗಿ ಸಿಗಂಗಿಲ್ಲ ಅಂತಿಯೇನು? ಹತ್ತ ವರ್ಷದ ಹಿಂದಿನ ಲಗ್ನದಾಗ ಯಾರು ಯಾವ ಪತ್ತಲ ಉಟ್ಟಿದ್ರಂತ ಹೇಳೂ ಮಂದಿ ಅವ್ರು."

"ನೀವ ಕೀಲಿ ಕೊಟ್ಟವ್ರು. ನಾ ಏನ್ ಕದ್ದೇನೇನು?"

ಯಾವ ಚೀಲ ಯಾವ ಊರಿನವರಿಗೆ ಕೊಟ್ಟರೆ ಕ್ಷೇಮವೆಂದು ಮಾಸ್ತರರು ಕ್ರಮಯೋಜನೆಯ ಸೂತ್ರ ಹಾಕಿ ನೋಡಿದರು. ಮೂರೂ ಊರು ಒಂದೇ ಚೀಲದಲ್ಲಿ ಹೊಲಿದುಕೊಂಡಿದ್ದರಿಂದ ಉತ್ತರ ಪ್ರತಿಸಲವೂ ಸೊನ್ನೆಯೇ ಬಂತು. ಮರುದಿನ ಬಸ್ಸಿನಲ್ಲಿ ಕುಳಿತಾಗ, ಬಸ್ಸಾದರೂ ಕೆಟ್ಟು ನಿಲ್ಲಬಾರದೇ ಎಂದು ಮನಸ್ಸಿನಲ್ಲೇ ಬೇಡಿಕೊಂಡರು. ಎಂದೂ ಇಲ್ಲದ್ದು ಅಂದು ಬಸ್ಸು ವೇಳೆಗೆ ಮುಂಚೆಯೇ ಅಫಜಲಪುರ ಮುಟ್ಟಿತು.

ಗಂಗುಬಾಯಿ ಮೊಗಸಾಲೆಯಲ್ಲೇ ಕೈಚಾಚಿ ನಿಂತಿದ್ದಳು. "ಗಂಟು ಎಲ್ಲ್ಯಾವ?"

ಮಾಸ್ತರರು ಮೂಟೆ ಬಿಚ್ಚಿ ತೋರಿಸಿದರು. ಗಂಗುಬಾಯಿ ಒಂದು ಚೀಲ ಎತ್ತಿದಳು, ಹೊರಳಿಸಿ ನೋಡಿದಳು, ಜಿಪ್ಪು ಎಳೆದು ಅಸ್ತರು ನೋಡಿದಳು. ಆಮೇಲೆ ಗೋಡೆ ಹಿಡಿದು ಕುಳಿತಳು.

"ಕೀಲಿ ಯಾರ ಕೈಯಾಗ ಕೊಟ್ಟಿದ್ದೆ ನಾ?"

"ನನ್ನ ಕೈಯಾಗ."

"ಕತ್ರಿ ಯಾರ ಕೈಯಾಗಿತ್ತು?"

ಮಾಸ್ತರರು ಹೆಂಡತಿಯ ಮುಖ ನೋಡಿದರು. "ನನ್ನ ಕೈಯಾಗರಿ ಅತ್ತಿ," ಎಂದಳು ಅನುರಾಧಾ ನೇರವಾಗಿ. "ನಿಮಗ ಹೇಳ್ತೇನಿ ಅಂದಿದ್ರು ಇವ್ರು."

"ಹೇಳಿದ, ಭಾಳ ಹೇಳಿದ," ಎಂದಳು ಗಂಗುಬಾಯಿ. ಅಷ್ಟರಲ್ಲಿ ಅಂಗಳದಲ್ಲಿ ಹೆಂಗಸರು ತುಂಬಿಕೊಂಡಿದ್ದರು. ಮಹಾನಂದಾ ಹಸಿರು ಪತ್ತಲ ಉಟ್ಟು ಮಣೆಯ ಮೇಲೆ ಕುಳಿತಿದ್ದಳು. ಬಂದವರನ್ನು ಬರಿಗೈಯಲ್ಲಿ ಕಳಿಸುವಂತಿಲ್ಲ, ಪೇಟೆಗೆ ಓಡಿ ಬೇರೆ ತರುವಷ್ಟು ವೇಳೆಯೂ ಇಲ್ಲ. ಹಾಡು, ಆರತಿ ಎಲ್ಲ ಮುಗಿದು ಹಂಚುವ ಹೊತ್ತು ಬಂದೇಬಂತು.

ಗಂಗುಬಾಯಿ ಮಗನ ಕಿವಿಯಲ್ಲಿ ಉಸುರುತ್ತಿದ್ದಳು, ಮಾಸ್ತರರು ಹೆಂಡತಿಯ ಕಿವಿಯಲ್ಲಿ. "ಅಕಿಗಿ ಹಳದಿ ಬ್ಯಾಡ." "ಇಕಿಗಿ ಹಸರು ಕೊಟ್ಟೆಂದ್ರ ಸತ್ತೆವು." ಹಂಚುತ್ತಿದ್ದ ಅನುರಾಧಾ ಮಾತ್ರ ಯಾರಿಗೆ ಯಾವ ಬಣ್ಣ ಒಪ್ಪುತ್ತದೆಂದು ನೋಡಿ ನೋಡಿ ಕೊಡುತ್ತಿದ್ದಳು. ಕಲಾವಿದರಿಗೆ ಮರ್ಯಾದೆಯ ಭಯ ಕಡಿಮೆ.

ಆಗಬಾರದ್ದು ಆಯಿತು. ಗಂಗುಬಾಯಿಯ ಹಳೆಯ ಗೆಳತಿ, ಮಹಾನಂದಾಳ ಅತ್ತೆಮನೆಯ ಬಾಜೂ ಇರುವ ಕುಲಸುಮಬಿ ಚೀಲವನ್ನು ಬೆಳಕಿಗೆ ಹಿಡಿದಳು. "ಗಂಗಕ್ಕಾ, ಈ ಗಿಣಿಹಸರಂದು ನಾನೇ ಕೊಟ್ಟದ್ದು ಅಲ್ಲೇನು? ನಿಮ್ಮ ಮಹಾನಂದಾನ ಲಗ್ನದಾಗ?"

ಗಂಗುಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮಾಸ್ತರರಿಗೆ ನಿಂತ ನೆಲವೇ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು. ತಾನು ಕೊಟ್ಟ ಒಂದು ಕೀಲಿಕೈಯಿಂದ ಅವ್ವನ ಇಡೀ ಬಾಳಿನ ನಡತೆ ಮಣ್ಣುಪಾಲಾಯಿತಲ್ಲ ಎಂದು ಖರೇನೇ ಸಂಕಟವಾಯಿತು.

"ಒಂದ ಮಿನಿಟ್," ಎಂದಳು ಆಳಂದದ ಕಾಶಿಬಾಯಿ. ಬಂದವರಲ್ಲಿ ಎಲ್ಲರಿಗಿಂತ ಹಿರಿಯಳು. ಅವಳು ಕುಲಸುಮಬಿಯ ಚೀಲವನ್ನು ಮೂಗಿನ ಹತ್ತಿರ ತಂದುಕೊಂಡಳು. "ಕುಲಸುಮಾ, ಇದನ್ನ ನಾನು ನಿನಗ ಕೊಟ್ಟಿದ್ದೆ. ನಿನ್ನ ಮಗಳ ಶಾದ್ಯಾಗ. ನೀ ಗಂಗಕ್ಕಗ ದಾಟಿಸೀದಿ ಅನ್ನು."

ಮೂಲೆಯಿಂದ ಇನ್ನೊಬ್ಬಳು, "ಹಂಗಾದ್ರ ಕಾಶಕ್ಕಾ, ಅದನ್ನ ನಿಮಗ ಕೊಟ್ಟದ್ದು ನಮ್ಮತ್ತಿ" ಎಂದಳು. ಒಂದು ಕ್ಷಣ ಎಲ್ಲರೂ ಎಲ್ಲರ ಮುಖ ನೋಡಿದರು. ಆಮೇಲೆ ಕುಲಸುಮಬಿಗೆ ನಗು ತಡೆಯಲಾಗಲಿಲ್ಲ. ಅವಳ ಹಿಂದೆ ಇಡೀ ಅಂಗಳವೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಒಬ್ಬೊಬ್ಬರೂ ತಮ್ಮ ಚೀಲ ಹೊರಳಿಸಿ, ಇದು ಯಾರದು, ಯಾರಿಂದ ಯಾರಿಗೆ ಬಂತು ಎಂದು ಪತ್ತೆ ಹಚ್ಚತೊಡಗಿದರು. ಎಲ್ಲರೂ ದಾಟಿಸಿದವರೇ ಆದ್ದರಿಂದ ಯಾರ ಮರ್ಯಾದೆಯೂ ಹೋಗಲಿಲ್ಲ. ನಮ್ಮ ಸಂದೂಕಿನವನ್ನೂ ಹೊಲಿದುಕೊಡು ಎಂದು ಹೆಂಗಸರು ಅನುರಾಧಾಳ ಸುತ್ತ ಮುತ್ತಿದರು. ಗಂಗುಬಾಯಿ, "ನಮ್ಮ ಸೊಸಿದು ಕೈ ಭಾಳ ಚಲೋರಿ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು.

ಮಾಸ್ತರರ ಜೀವ ಜಾಗಕ್ಕೆ ಬಂತು. ಎದೆಯುಬ್ಬಿಸಿ ಮೂಟೆಯಲ್ಲಿ ಉಳಿದಿದ್ದ ಕೊನೆಯ ಚೀಲ ತೆಗೆದು ಕಾಶಿಬಾಯಿಯ ಕೈಗೆ ತಾವೇ ಕೊಟ್ಟರು. ಕೊಟ್ಟ ಮೇಲೆ ಅದರ ಮೈ ನೋಡಿದರು. ಕಡುಗುಲಾಬಿ ನೆಲ, ಅಂಗೈಯಗಲದ ಹಳದಿ ಹೂವು. ಕೆಲಸ ಸಿಕ್ಕ ಹೊಸದರಲ್ಲಿ, ಮೊದಲ ಪಗಾರದ ದಿನ ಕಲಬುರ್ಗಿಯ ಪೇಟೆಯೆಲ್ಲ ಸುತ್ತಿ, ಅವ್ವನಿಗೆಂದು ಅವರು ತಾವೇ ಆರಿಸಿ ತಂದಿದ್ದ ಖಣ. ಅವ್ವ ಅದನ್ನು ಹೊಲಿಸದೆ ಜೋಪಾನವಾಗಿ ಎತ್ತಿಟ್ಟಿದ್ದಾಳೆಂದರೆ ಎಷ್ಟು ಪ್ರೀತಿ ಎಂದು ಅವರ ಕಣ್ಣು ಹನಿಗೂಡಿತು.

"ಏ, ಇದು ಬ್ಯಾಡಪ್ಪಾ ನನಗ," ಎಂದಳು ಕಾಶಿಬಾಯಿ. "ಗಂಗಕ್ಕಾ, ಇದನ್ನ ನಮ್ಮ ಹೊಸ ಮನಿ ಕಾರ್ಯದಾಗ ನೀವು ಕೊಟ್ಟಿದ್ರಿ. ನಾ ಅಂದೋಲಾದವ್ರಿಗಿ ದಾಟಿಸಿದ್ದೆ."

"ಹೌದ ನೋಡು," ಎಂದು ಗಂಗುಬಾಯಿ ನಕ್ಕಳು. "ಅಂದೋಲಾದವ್ರು ತಿರುಗಿ ನನಗೇ ತಂದ ಕೊಟ್ರು. ಎಷ್ಟ ದಾಟಿಸಿದ್ರೂ ಹೋಗವಲ್ದು ಮನಿ ಬಿಟ್ಟು."

"ಮೊದಲ ಯಾರು ಕೊಟ್ಟಿದ್ರವ್ವಾ ಇದನ್ನ?" ಎಂದು ಮಾಸ್ತರರು ಸಣ್ಣ ದನಿಯಲ್ಲಿ ಕೇಳಿದರು.

ಮೂರು ತಾಲ್ಲೂಕಿನ ಖಣಗಳ ಜಾತಕ ಬಲ್ಲ ಗಂಗುಬಾಯಿ ಹುಬ್ಬು ಗಂಟಿಕ್ಕಿ ಯೋಚಿಸಿದಳು. "ನೆನಪ ಆಗವಲ್ದು. ಯಾರೋ ಪುಣ್ಯಾತ್ಮ, ಕಣ್ಣ ಮುಚಗೊಂಡು ಆರಿಸ್ಯಾನ."

ಅನುರಾಧಾ ಗಂಡನ ಮುಖ ನೋಡಿ ಎಲ್ಲ ತಿಳಿದುಕೊಂಡಳು. ನಗು ನುಂಗಲು ಮಹಾನಂದಾಳ ಮುಡಿ ಸರಿಪಡಿಸುವ ನೆಪ ಮಾಡಿ ಆಚೆ ತಿರುಗಿದಳು. ಗಂಗುಬಾಯಿ ಚೀಲವನ್ನು ಕಾಶಿಬಾಯಿಯಿಂದ ತೆಗೆದುಕೊಂಡು, ಧೂಳು ಕೊಡವಿ ಮಗನ ಕೈಗೆ ಕೊಟ್ಟಳು.

"ಜ್ವಾಕೀಲೆ ಒಳಗಿಡು. ಬರೂ ತಿಂಗಳ ಹಿರೋಳ್ಳ್ಯಾಗ ಲಗ್ನ ಅದ, ಅಲ್ಲಿ ಕೊಟ್ರಾತು. ಆ ಕಡಿ ಮಂದಿ ಇದನ್ನ ಇನ್ನಾ ನೋಡಿಲ್ಲ."